ಬೋರಲು ಹಾಕುವ ಮೂರು ಸೆಕೆಂಡು

ಮಿನ್ನೆಸೋಟದ ಜನವರಿಯಲ್ಲಿ ಮನೆಯ ನೆಲಮಾಳಿಗೆ 15 ಡಿಗ್ರಿ ಸೆಲ್ಸಿಯಸ್ ದಾಟುವುದೇ ಕಷ್ಟ. ಡಿಸ್ಕ್ ಗಾಲ್ಫಿನ ಡಿಸ್ಕಿಗೆ, ಅಂದರೆ ಬುಟ್ಟಿಗೆ ಗುರಿಯಿಟ್ಟು ಎಸೆಯುವ ಪ್ಲಾಸ್ಟಿಕ್ ಬಿಲ್ಲೆಗೆ, ಬಣ್ಣ ಹಿಡಿಸಲು ಇದಕ್ಕಿಂತ ಕೆಟ್ಟ ಜಾಗ ಸಿಗದು. ಆದರೂ ಶನಿವಾರದ ಕೆಲಸ ಅಲ್ಲೇ ನಡೆಯಿತು, ಬೇಗ ಹೊತ್ತಿಕೊಳ್ಳುವ ದ್ರಾವಕವಾದ ಅಸಿಟೋನ್ ಮುಟ್ಟುವ ಭಾಗ ಮಾತ್ರ ಗ್ಯಾರೇಜಿನಲ್ಲಿ, ಬಾಗಿಲು ಎತ್ತಿಟ್ಟು. ನೀರು ಕಾಯಿಸುವ ಗ್ಯಾಸ್ ಹೀಟರಿನ ಉರಿ ನೆಲಮಾಳಿಗೆಯಲ್ಲೇ ಇರುತ್ತದೆ. ಅಸಿಟೋನಿನ ಆವಿ ನೆಲದ ಮೇಲೆ ಹರಿದು ಹೋಗಿ ಅದನ್ನು ತಲುಪಿದರೆ ಮುಗಿಯಿತು.

ಎಲ್ಲ ಡಿಸ್ಕಿಗೂ ಬಣ್ಣ ಹಿಡಿಯುವುದಿಲ್ಲ. ಇನ್ನೋವಾ ಕಂಪನಿಯ ಸ್ಟಾರ್, ಚಾಂಪಿಯನ್, ಡಿಸ್ಕ್ರಾಫ್ಟ್ ಕಂಪನಿಯ ಝೀ, ಇಎಸ್‌ಪಿ ಥರದ ದುಬಾರಿ ಪ್ಲಾಸ್ಟಿಕ್ಕುಗಳು ಚೆನ್ನಾಗಿ ಹೀರುತ್ತವೆ. ಇನ್ನೋವಾದ್ದೇ ಅಗ್ಗದ ಡಿಎಕ್ಸ್ ಪ್ಲಾಸ್ಟಿಕ್ಕಿನ ಮೇಲೆ ಇಡೀ ದಿನ ಬಣ್ಣ ಇಟ್ಟರೂ ಸಿಗುವುದು ಮಬ್ಬು ಮಬ್ಬಾದ ನೆರಳು ಮಾತ್ರ. ಬಣ್ಣದ ಪುಡಿಯೂ ಅಷ್ಟೇ: ಹತ್ತಿ ಬಟ್ಟೆಗೆ ಹಾಕುವ ಬಣ್ಣ ಇಲ್ಲಿ ನಿಲ್ಲದು. ಪಾಲಿಯೆಸ್ಟರ್‌ಗೆ ಬಳಸುವ ಡಿಸ್ಪರ್ಸ್ ಬಣ್ಣ ಬೇಕು. 14 ಗ್ರಾಂ ಪೊಟ್ಟಣದಲ್ಲಿ ಬರುವ ಐಡೈ ಪಾಲಿ ಸಾಕು. ಅದು ನೀರಿನಲ್ಲಿ ಸರಿಯಾಗಿ ಕರಗದೆ ಪ್ಲಾಸ್ಟಿಕ್ಕಿನೊಳಕ್ಕೆ ಇಳಿಯಲು ಹವಣಿಸುತ್ತದೆ. ಮೇಲೆ ಕೂರದೆ ಒಳಗೆ ಇಳಿಯುವುದರಿಂದಲೇ ಪಂದ್ಯಾವಳಿಯಲ್ಲೂ ತಕರಾರಿಲ್ಲ; ವೃತ್ತಿಪರ ಡಿಸ್ಕ್ ಗಾಲ್ಫ್ ಸಂಘವಾದ ಪಿಡಿಜಿಎಯ ನಿಯಮ ಅಡ್ಡಿ ಮಾಡುವುದು ಕೈಗೆ ಸಿಗುವಷ್ಟು ದಪ್ಪ ಕೂರುವ ಪೇಂಟಿಗೆ.

ಬಿಳಿ ಡಿಸ್ಕೇ ಆಗಬೇಕು. ಬಣ್ಣ ಪಾರದರ್ಶಕ, ನೀಲಿ ಡಿಸ್ಕಿನ ಮೇಲೆ ಹಳದಿ ಹಾಕಿದರೆ ಹಸಿರೇ ಬರುವುದು. ನಡುವಿನ ಹೊಳೆಯುವ ಮುದ್ರೆಯನ್ನು ಹತ್ತಿಗೆ ಅಸಿಟೋನ್ ಅದ್ದಿ ಉಜ್ಜಿ ತೆಗೆದದ್ದಾಯಿತು. ಫಾಯಿಲ್ ಹೋದರೂ ಅಚ್ಚೊತ್ತಿದ ಗುರುತು ಉಳಿಯುತ್ತದೆ, ಬಣ್ಣ ಹಿಡಿದ ಮೇಲೂ ಅದು ಭೂತದಂತೆ ಕಾಣುತ್ತದೆ. ಮುದ್ರೆಯಿಲ್ಲದ ಖಾಲಿ ಡಿಸ್ಕ್ ಕೊಳ್ಳುವುದೇ ಜಾಣತನ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಅಲ್ಲಿಂದ ಮುಂದೆ ಅಂಚನ್ನು ಬಿಟ್ಟು ಬೇರೆಲ್ಲೂ ಮುಟ್ಟಬಾರದು. ಬೆರಳಿನ ಜಿಡ್ಡು ಬೆರಳಚ್ಚಾಗಿಯೇ ಮೂಡುತ್ತದೆ.

ಬಣ್ಣದ ಹನಿಗಳನ್ನು ಬಿಟ್ಟು, ಡಿಸ್ಕನ್ನು ಬೋರಲು ಹಾಕುವ ಹಾಸಿಗೆ ಎಂದರೆ ಶಾಲೆಯ ಮಕ್ಕಳ ಬಿಳಿ ಅಂಟು, ನೀರು ಬೆರೆಸದ್ದು. 23 ಸೆಂಟಿಮೀಟರ್ ಕೇಕ್ ತಟ್ಟೆಗೆ 300 ಮಿಲಿಲೀಟರ್ ಸುರಿದರೆ ಸುಮಾರು 7 ಮಿಲಿಮೀಟರ್ ಆಳ. (ಆ ತಟ್ಟೆಯಲ್ಲಿ ಇನ್ನು ಕೇಕ್ ಮಾಡುವಂತಿಲ್ಲ.) ಆಳ ಕಡಿಮೆಯಾದರೆ ಡಿಸ್ಕಿನ ಉಬ್ಬು ನಡುವೆ ತಗುಲಿ, ಭುಜದ ಭಾಗ, ಅಂದರೆ ಅಂಚಿನ ಹತ್ತಿರದ ಇಳಿಜಾರು, ಗಾಳಿಯಲ್ಲೇ ಉಳಿಯುತ್ತದೆ. ಹದಿನೈದು ನಿಮಿಷ ಬಿಟ್ಟು, ಮೇಲೆ ಬಂದ ಗುಳ್ಳೆಗಳನ್ನು ಸೂಜಿಯಿಂದ ಚುಚ್ಚಬೇಕು.

ಬಣ್ಣಕ್ಕೆ ಅರ್ಧ ಟೀ ಚಮಚ ಪುಡಿ. ಮೊದಲು ಕೆಲವೇ ಹನಿ ಅಸಿಟೋನಿನಲ್ಲಿ ಕಲಸಿ, ನೆಲಕ್ಕೆ ಹಾಕುವ ದ್ರವ ಪಾಲಿಶ್ 30 ಮಿಲಿಲೀಟರ್ ಸೇರಿಸಿ, ಹಳೇ ನೈಲಾನ್ ಕಾಲುಚೀಲದಲ್ಲಿ ಸೋಸಿ ಸೂಜಿಮೂತಿಯ ಬಾಟಲಿಗೆ. ಸೋಸುವುದನ್ನು ಬಿಟ್ಟರೆ ಡಿಸ್ಕಿನ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆ. ಅಸಿಟೋನ್ ಪ್ಲಾಸ್ಟಿಕ್ಕಿನ ಮೇಲ್ಪದರವನ್ನು ಸಡಿಲಿಸಿ ಬಣ್ಣಕ್ಕೆ ದಾರಿ ಬಿಡುತ್ತದೆ, ಹೆಚ್ಚಾದರೆ ಗೆರೆಗಳು ಕದಡಿ ಕಲಸಿಹೋಗುತ್ತವೆ. ಪುಡಿ ಅಳೆಯುವಾಗ ಮಾಸ್ಕು, ಕೈಗೆ ನೈಟ್ರೈಲ್ ಗ್ಲೌಸು.

ಕಪ್ಪು, ನೀಲಿ, ಕಿತ್ತಳೆ. ಅಂಟಿನ ಮೇಲೆ ಒಂದು ಹನಿ, ಅದರ ನಡುವೆ ಇನ್ನೊಂದು ಬಣ್ಣದ ಹನಿ, ಅದರೊಳಗೆ ಮತ್ತೊಂದು, ಉಂಗುರದೊಳಗೆ ಉಂಗುರ. ತಟ್ಟೆ ತುಂಬಿದ ಮೇಲೆ ಹಲ್ಲುಕಡ್ಡಿಯನ್ನು ನಡುವಿನಿಂದ ಹೊರಕ್ಕೆ, ಹೊರಗಿನಿಂದ ನಡುವಿಗೆ, ಒಂದು ಬಿಟ್ಟು ಒಂದರಂತೆ ಎಳೆದದ್ದು. ಚುಕ್ಕಿ ರಂಗೋಲಿ ಹಾಕಿ ಅಭ್ಯಾಸವಿದ್ದ ಕೈಗೆ ಇದು ಹೊಸತಲ್ಲ. ಕಡ್ಡಿ ಎಳೆದ ಪ್ರತಿ ಸಲ ಒರೆಸಬೇಕು, ಮರೆತರೆ ಕಿತ್ತಳೆ ಕೆಸರಾಗುತ್ತದೆ. ಹನ್ನೆರಡು ಎಳೆಗೆ ನಿಲ್ಲಿಸಿದ್ದು ಸರಿಯಾಯಿತು. ಇನ್ನೆರಡು ಎಳೆಯೋಣ ಎನ್ನಿಸುವ ಹೊತ್ತಿಗೇ ಕೈ ತೆಗೆಯಬೇಕು.

ಅಲ್ಲಿಯವರೆಗಿನದೆಲ್ಲ ಸುಲಭ. ಡಿಸ್ಕನ್ನು ಬೋರಲು ಹಾಕುವ ಮೂರು ಸೆಕೆಂಡಿನಲ್ಲೇ ಕೆಲಸ ಉಳಿಯುವುದು ಅಥವಾ ಕೆಡುವುದು. ಉಬ್ಬಿದ ಡಿಸ್ಕಾದರೆ ನಡು ಮೊದಲು ತಗುಲಿ ಗಾಳಿ ಸುತ್ತಲೂ ಓಡಿಹೋಗುತ್ತದೆ, ನೇರ ಇಳಿಸಿದರೆ ಸಾಕು. ಚಪ್ಪಟೆಯಾದದ್ದನ್ನು ಹಾಗೆ ಇಳಿಸಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಒಂದು ಅಂಚು ತಗುಲಿಸಿ, ಬಾಗಿಲು ಮುಚ್ಚಿದಂತೆ ಇನ್ನೊಂದು ಅಂಚನ್ನು ನಿಧಾನಕ್ಕೆ ಬಿಡಬೇಕು. ಜಾರಿದರೆ ಚಿತ್ತಾರ ಎಳೆದುಹೋಗುತ್ತದೆ, ಎತ್ತಿ ಮತ್ತೆ ಇಡುವ ಪ್ರಶ್ನೆಯೇ ಇಲ್ಲ. ಈ ಡಿಸ್ಕ್ ಚಪ್ಪಟೆ. ಕೊನೆಯ ಎರಡು ಸೆಂಟಿಮೀಟರ್ ಇರುವಾಗ ಬೆರಳು ಜಾರಿ ಪಟ್ಟನೆ ಕೂತಿತು.

ಒಳಗೆ ಅರ್ಧ ಕೆಜಿ ಅಕ್ಕಿಯ ಚೀಲ ಇಟ್ಟದ್ದಾಯಿತು; ಅದಕ್ಕಿಂತ ಭಾರ ಹೇರಿದರೆ ಅಂಟು ಪಕ್ಕಕ್ಕೆ ಒತ್ತಿ ಗೆರೆಗಳು ಹಿಗ್ಗುತ್ತವೆ. ತಟ್ಟೆಯ ಕೆಳಗೆ ಬೀಜ ಮೊಳೆಸುವ ಹೀಟ್ ಮ್ಯಾಟ್, ಮೇಲೆ ಹಳೇ ಟವೆಲ್. ಬೆಚ್ಚಗಿದ್ದಷ್ಟೂ ಬಣ್ಣ ಬೇಗ ಇಳಿಯುತ್ತದೆ. 40 ಡಿಗ್ರಿ ಹಿಡಿಸಿದರೆ ಸುಮಾರು ಹತ್ತು ಗಂಟೆ, ಬಿಸಿಯಿಲ್ಲದಿದ್ದರೆ ಇಡೀ ದಿನ. ಇನ್ನೂ ಹೆಚ್ಚು ಬಿಟ್ಟರೆ ಬಣ್ಣ ಗಾಢವಾಗುವುದರ ಜೊತೆಗೆ ಅಂಚುಗಳೂ ಹರಡುತ್ತವೆ.

ಭಾನುವಾರ ಬೆಳಿಗ್ಗೆ ಎತ್ತಿ, ಮೊದಲು ತಣ್ಣೀರಿನಲ್ಲಿ ಅಂಟು ಬಿಡಿಸಿ, ಆಮೇಲೆ ಪಾತ್ರೆ ಸೋಪು. ಚಿತ್ತಾರ ಎಡಬಲ ಅದಲುಬದಲಾಗಿರುತ್ತದೆ. ಅಕ್ಷರ ಬರೆಯುವವರಷ್ಟೇ ಅದನ್ನು ಲೆಕ್ಕ ಹಾಕಬೇಕು. ಕಪ್ಪು ಗೆರೆ ಕೂದಲೆಳೆಯಷ್ಟು ಚೂಪು, ಕಿತ್ತಳೆ ಮಾತ್ರ ನೆನೆಸಿದ್ದಕ್ಕಿಂತ ಒಂದು ಛಾಯೆ ತೆಳು. ಜಾರಿದ ಅಂಚಿನ ಹತ್ತಿರ ರೂಪಾಯಿ ನಾಣ್ಯದಗಲ ಅಚ್ಚ ಬಿಳಿ: ಗಾಳಿ ಕೂತ ಜಾಗ.

ಇಡೀ ಡಿಸ್ಕನ್ನು ಮತ್ತೆ ಅದ್ದಬಾರದು, ಇರುವ ಗೆರೆಗಳ ಮೇಲೆ ಇನ್ನೊಂದು ಚಿತ್ತಾರ ಕೂತು ಎರಡೂ ಹಾಳು. ಬಿಳಿ ಕಲೆಯ ಮೇಲಷ್ಟೇ ಒಂದು ಚಮಚ ಅಂಟು ಹಾಕಿ, ಅದರ ಮೇಲೆ ನೀಲಿ, ಕಪ್ಪು ಎರಡೆರಡು ಹನಿ ಬಿಟ್ಟು, ಕಡ್ಡಿಯಿಂದ ತಳದವರೆಗೆ ಕದಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಮತ್ತೆ ಹತ್ತು ಗಂಟೆ ಮ್ಯಾಟಿನ ಮೇಲೆ. ಕೂಡಿದ ಕಡೆ ಅಂಚು ಒಂದಿಷ್ಟು ಗಾಢವಾಗಿ ಉಳಿಯಿತು. ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ, ಹಿಮದ ಮೇಲೆ ಬಿದ್ದಾಗ ಇಲ್ಲ.