ಚಾದರ ಹೊದಿಸಿದ ಮೇಲೆ

ಹುಬ್ಬಳ್ಳಿಯಲ್ಲಿ ರಸ್ತೆಯ ಮೇಲೆ ಮಲಗುವವರು ಯಾರು, ಎಷ್ಟು ಮಂದಿ ಎಂದು ತಿಳಿಯಬೇಕಾದರೆ ರಾತ್ರಿ ಹನ್ನೊಂದರ ಮೇಲೆ, ಬೆಳಗಿನ ನಾಲ್ಕರೊಳಗೆ ತಿರುಗಬೇಕು. ಹನ್ನೊಂದಕ್ಕಿಂತ ಮುಂಚೆ ಅಂಗಡಿಗಳ ಶಟರ್ ಇಳಿದಿರುವುದಿಲ್ಲ, ಕಟ್ಟೆಗಳು ಖಾಲಿಯಾಗಿರುವುದಿಲ್ಲ. ನಾಲ್ಕು ದಾಟಿದರೆ ಹಮಾಲರು ಅಮರಗೋಳದ ಎಪಿಎಂಸಿ ಕಡೆ ನಡೆದಿರುತ್ತಾರೆ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು ಒಲೆ ಹಚ್ಚುವ ಹೊತ್ತಿಗೆ ಹೋಗಿರುತ್ತಾರೆ. ಮಧ್ಯಾಹ್ನ ಬಂದು ನೋಡಿದವರ ಕಣ್ಣಿಗೆ ಬೀಳುವುದು ಕೈಚಾಚಿ ಕೂತ ಕೆಲವರು ಮಾತ್ರ. ರಸ್ತೆಯಲ್ಲಿರುವವರೆಲ್ಲ ಭಿಕ್ಷುಕರು ಎಂಬ ಮಾತು ಹುಟ್ಟುವುದು ಹೀಗೆ. 2011ರ ಜನಗಣತಿಯವರೂ ಮನೆಯಿಲ್ಲದವರನ್ನು ಎಣಿಸಿದ್ದು ರಾತ್ರಿಯೇ, ಫೆಬ್ರುವರಿ 28ರಂದು. ದೇಶದಲ್ಲಿ 17.7 ಲಕ್ಷ ಮಂದಿ ಎಂದು ಲೆಕ್ಕ ಬಂತು. ಒಂದೇ ರಾತ್ರಿಯ ಎಣಿಕೆ ಅದು. ಅವತ್ತು ಮದುವೆ ಅಡುಗೆಗೆಂದು ಪರವೂರಿಗೆ ಹೋದವನು, ಕಟ್ಟುತ್ತಿರುವ ಕಟ್ಟಡದ ಮೂರನೇ ಮಹಡಿಯಲ್ಲಿ ಮಲಗಿದವನು ಆ ಲೆಕ್ಕದಲ್ಲಿ ಸಿಕ್ಕಿರಲಾರ.

ಇಲ್ಲಿ ಬರೆಯುತ್ತಿರುವುದು, ರಸ್ತೆಯಲ್ಲಿ ಮಲಗಿದವರನ್ನು ರಾತ್ರಿ ವಸತಿ ಕೇಂದ್ರಕ್ಕೆ ಕರೆಯಲು ಹೊರಟ ಜನವರಿಯ ಒಂದು ರಾತ್ರಿಯ ಸುತ್ತಾಟದ ಬಗ್ಗೆ. ರೈಲು ನಿಲ್ದಾಣದಿಂದ ಹಳೆ ಬಸ್ ನಿಲ್ದಾಣ, ಅಲ್ಲಿಂದ ದುರ್ಗದಬೈಲು, ಕೊನೆಗೆ ದೊಡ್ಡ ಸರ್ಕಾರಿ ಆಸ್ಪತ್ರೆ ಕಿಮ್ಸ್ ಕಡೆ.

ಯಾರು ಎಲ್ಲಿ ಮಲಗುತ್ತಾರೆ ಎನ್ನುವುದಕ್ಕೆ ಕಾರಣಗಳಿವೆ. ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಆದರೆ ಟಿಕೆಟ್ ಇಲ್ಲದವರನ್ನು ಒಳಗೆ ಇರಗೊಡುವುದಿಲ್ಲ, ಅದು ಅವರ ನಿಯಮ. ಹಾಗಾಗಿ ಹೊರಗಿನ ಬೆಳಕಿನ ಕಂಬಗಳ ಹತ್ತಿರ ಹೆಂಗಸರು ಮಲಗುತ್ತಾರೆ. ಬೆಳಕಿದ್ದರೆ ನಿದ್ದೆ ಸರಿಯಾಗಿ ಬರುವುದಿಲ್ಲ, ಆದರೆ ಯಾರಾದರೂ ಹತ್ತಿರ ಬಂದರೆ ಕಾಣುತ್ತದೆ. ಕುಡಿದವರು ಕತ್ತಲು ಹುಡುಕುತ್ತಾರೆ. ಬಸ್ ನಿಲ್ದಾಣದ ಆಸುಪಾಸಿನಲ್ಲಿ ಗೋವಾಕ್ಕೋ ಮಂಗಳೂರಿಗೋ ಗುಳೆ ಹೊರಟ ಕೊಪ್ಪಳ, ಗದಗ ಕಡೆಯ ಕುಟುಂಬಗಳು ಸಿಗುತ್ತವೆ. ಹಿಟ್ಟಿನ ಚೀಲ, ಪಾತ್ರೆಯ ಗಂಟು, ನಡುವೆ ಮಕ್ಕಳು. ಇವರಿಗೆ ಬೇಕಾದದ್ದು ಒಂದು ರಾತ್ರಿಯ ಸೂರು, ಒಂದು ಸಂಡಾಸ, ಅಷ್ಟೇ. ಸಿದ್ಧಾರೂಢ ಮಠದ ಕಡೆ ವಯಸ್ಸಾದವರು ಹೆಚ್ಚು, ಅಲ್ಲಿ ದಿನಾ ಪ್ರಸಾದ ಇರುತ್ತದೆ. ದೊಡ್ಡ ಆಸ್ಪತ್ರೆಯ ಸುತ್ತ ಹಾವೇರಿ, ಗದಗ ಜಿಲ್ಲೆಗಳಿಂದ ರೋಗಿಯ ಜೊತೆ ಬಂದವರು. ಅವರಿಗೆ ಊರಲ್ಲಿ ಮನೆ ಇದೆ. ಆದರೆ ಅವರ ನಡುವೆಯೇ, ಬಿಡುಗಡೆಯಾಗಿ ಹೋಗಲು ಎಲ್ಲಿಯೂ ಇಲ್ಲದ ಒಬ್ಬಿಬ್ಬರು ಇರುತ್ತಾರೆ. ಇಬ್ಬರನ್ನೂ ಮೇಲುನೋಟಕ್ಕೆ ಗುರುತಿಸುವುದು ಕಷ್ಟ. ಚೀಲದಲ್ಲಿ ಊಟದ ಡಬ್ಬಿ ಇದೆಯೋ ಇಲ್ಲವೋ ನೋಡಿದರೆ ಸ್ವಲ್ಪ ತಿಳಿಯುತ್ತದೆ.

ಮಾತಾಡಿಸುವ ರೀತಿಯಲ್ಲೇ ಅರ್ಧ ಕೆಲಸ ಇದೆ. ಇಬ್ಬರು ಅಥವಾ ಮೂವರು ಹೋಗಬೇಕು, ಅದರಲ್ಲಿ ಒಬ್ಬಾಕೆ ಹೆಣ್ಣುಮಗಳು ಇರಲೇಬೇಕು. ಮಲಗಿದವರ ತಲೆಯ ಹತ್ತಿರ ನಿಲ್ಲಬಾರದು. ಕಾಲ ಕಡೆ, ನಾಲ್ಕು ಅಡಿ ದೂರದಲ್ಲಿ ಕುಕ್ಕುರುಗಾಲಲ್ಲಿ ಕೂರಬೇಕು. ಬ್ಯಾಟರಿ ಬೆಳಕು ನೆಲಕ್ಕೆ ಬಿಡಬೇಕು, ಮುಖಕ್ಕಲ್ಲ. ಮುಟ್ಟಿ ಎಬ್ಬಿಸಬಾರದು, ಏಕೆಂದರೆ ರಾತ್ರಿ ಅವರನ್ನು ಮುಟ್ಟಿ ಎಬ್ಬಿಸುವವರು ಸಾಮಾನ್ಯವಾಗಿ ಕಳ್ಳರು, ಇಲ್ಲವೆ ಲಾಠಿ ಹಿಡಿದವರು. ಫೋಟೊ ಬೇಡವೇ ಬೇಡ. ಮೊದಲ ಪ್ರಶ್ನೆ ಊಟದ್ದಿರಲಿ. ಊರು ಯಾವುದು, ಮಕ್ಕಳೆಷ್ಟು ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅವರು ಬಿಟ್ಟು ಬಂದಿರುವುದೇ ಊರನ್ನು ಮತ್ತು ಮಕ್ಕಳನ್ನು.

"ಅಜ್ಜಾರ, ಊಟ ಆತೇನ್ರಿ?"

"ಆತ್ರಿ. ನೀವ್ ಪೊಲೀಸ್ರೇನ್ರಿ?"

"ಅಲ್ರಿ. ಥಂಡಿ ಭಾಳ ಐತಿ, ಮಲಗಾಕ ಜಾಗಾ ಐತಿ ಬರ್ತೀರೇನ್ ಕೇಳಾಕ ಬಂದೇವ್ರಿ."

"ಆಕಿನ್ನ ಬಿಡ್ತಾರೇನ್ರಿ ಒಳಗ?" ಎಂದರು ಅಜ್ಜ, ಪಕ್ಕದಲ್ಲಿ ಕೌದಿಯೊಳಗೆ ಮುದುಡಿ ಮಲಗಿದ್ದ ಹೆಂಡತಿಯನ್ನು ತೋರಿಸಿ. ನಾವು ಕರೆಯುತ್ತಿದ್ದ ಕೇಂದ್ರ ಗಂಡಸರದ್ದು ಎಂದು ಹೇಳಬೇಕಾಯಿತು. "ಹಂಗಾರ ನಾವಿಲ್ಲೇ ಇರ್ತೇವ್ರಿ," ಎಂದು ಅವರು ಮತ್ತೆ ಒರಗಿದರು.

ಈ ಉತ್ತರವನ್ನು ಕೇಳಿಸಿಕೊಳ್ಳದವರು "ಕರೆದರೂ ಬರುವುದಿಲ್ಲ, ಅವರಿಗೆ ಬೀದಿಯೇ ರೂಢಿ" ಎನ್ನುತ್ತಾರೆ. ಬರುವುದಿಲ್ಲ ಎನ್ನುವವರ ಬಾಯಲ್ಲಿ ಪ್ರತಿ ಸಲ ಒಂದು ಕಾರಣ ಇರುತ್ತದೆ. ಗಂಡ ಹೆಂಡತಿ ಬೇರೆ ಬೇರೆ ಇರಬೇಕು. ಚೀಲ ಇಡಲು ಬೀಗದ ಪೆಟ್ಟಿಗೆ ಇಲ್ಲ, ಬೆಳಗಾಗುವಷ್ಟರಲ್ಲಿ ಕಳುವಾಗುತ್ತದೆ. ಒಂಬತ್ತಕ್ಕೆ ಬಾಗಿಲು ಹಾಕುತ್ತಾರೆ, ಹೋಟೆಲಿನ ಕೆಲಸ ಮುಗಿಯುವುದು ಹನ್ನೊಂದಕ್ಕೆ. ಹಾಸಿಗೆಯಲ್ಲಿ ತಿಗಣೆ. ಜೊತೆಗಿರುವ ನಾಯಿಯನ್ನು ಬಿಡುವುದಿಲ್ಲ, ರಾತ್ರಿ ಕಾಯುವುದು ಅದೇ. ಇವುಗಳಲ್ಲಿ ಯಾವುದೂ ಹಟವಲ್ಲ.

ಇನ್ನೊಂದು ಭಯ ಬೇರೆಯದು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ವಾಹನ ಬಂದು ಕೆಲವರನ್ನು ಎತ್ತಿಕೊಂಡು ಹೋಗಿ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇಟ್ಟಿದ್ದು ಫುಟ್‌ಪಾತಿನವರಿಗೆಲ್ಲ ಗೊತ್ತು. ಅಲ್ಲಿಂದ ತಮಗೆ ಬೇಕೆಂದಾಗ ಹೊರಡುವಂತಿಲ್ಲ. ರಾತ್ರಿ ವಸತಿ ಕೇಂದ್ರಕ್ಕೆ ಬಾ ಎಂದರೂ ಅವರಿಗೆ ಕೇಳಿಸುವುದು ಆ ವಾಹನದ ಸದ್ದು. ಆದ್ದರಿಂದ ಸ್ಪಷ್ಟವಾಗಿ ಹೇಳಬೇಕು: ಬೆಳಿಗ್ಗೆ ಎದ್ದು ಹೋಗಬಹುದು, ಸಂಜೆ ಬರಬಹುದು, ಯಾರೂ ತಡೆಯುವುದಿಲ್ಲ. ಸಾಧ್ಯವಾದರೆ ಈಗಾಗಲೇ ಅಲ್ಲಿ ಮಲಗುತ್ತಿರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ನಮ್ಮ ಮಾತಿಗಿಂತ ಅವರ ಮಾತನ್ನು ನಂಬುತ್ತಾರೆ.

ಈ ಕಾಯ್ದೆಯ ಇನ್ನೊಂದು ತುದಿ ನಮ್ಮ ನಿಮ್ಮ ಮನೆಯಲ್ಲೇ ಇದೆ. ಪಾಲಿಕೆಯ ಆಸ್ತಿ ತೆರಿಗೆಯ ಚಲನ್ ತೆಗೆದು ನೋಡಿ. ತೆರಿಗೆಯ ಮೇಲೆ ಭಿಕ್ಷುಕರ ಉಪಕರ ಎಂದು ನೂರಕ್ಕೆ 3 ರೂಪಾಯಿ ಹಾಕಿರುತ್ತಾರೆ. 4,000 ರೂಪಾಯಿ ತೆರಿಗೆ ಕಟ್ಟುವವರು ಇದಕ್ಕೆಂದೇ 120 ರೂಪಾಯಿ ಕೊಡುತ್ತಾರೆ. ಹೊಣೆ ಯಾರದು ಎಂದು ಕೇಳುವವರಿಗೆ ಈ ಚಲನ್ ತೋರಿಸಬೇಕು. ಹಣ ಕೊಟ್ಟಾಗಿದೆ, ಲೆಕ್ಕ ಕೇಳುವ ಹಕ್ಕೂ ಬಂದಿದೆ.

ಚಾದರದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಚಳಿಗಾಲ ಬಂದರೆ ಎಲ್ಲರಿಗೂ ಹೊಳೆಯುವುದು ಅದೊಂದೇ. ಮೇಲೆ ಹೊದೆಯುವುದಕ್ಕಿಂತ ಕೆಳಗೆ ಹಾಸುವುದು ಮುಖ್ಯ. ಸಿಮೆಂಟ್ ನೆಲ ರಾತ್ರಿಯಿಡೀ ಮೈಯ ಕಾವನ್ನು ಎಳೆಯುತ್ತದೆ. ತೆಳ್ಳನೆಯ ಚಾದರ ಎರಡು ಕೊಡುವ ಬದಲು, ಎರಡು ಪದರ ರಟ್ಟು, ಅದರ ಮೇಲೊಂದು ಗೋಣಿಚೀಲ, ಆಮೇಲೆ ಒಂದು ದಪ್ಪ ಚಾದರ ಕೊಟ್ಟರೆ ಮುದುಕರಿಗೆ ನಿದ್ದೆ ಹತ್ತುತ್ತದೆ. ತಲೆಗೆ ಮಫ್ಲರ್, ಕಾಲಿಗೆ ಕಾಲುಚೀಲ ಬೇಕು. ಕುಡಿದವರ ಬಗ್ಗೆ ಹೆಚ್ಚು ಎಚ್ಚರ ಇರಲಿ. ಹೆಂಡ ಕುಡಿದರೆ ಚರ್ಮದ ಕಡೆ ರಕ್ತ ಹೆಚ್ಚು ಹರಿದು ಮೈ ಬಿಸಿ ಅನಿಸುತ್ತದೆ, ಒಳಗಿನ ಕಾವು ಮಾತ್ರ ಬೇಗ ಇಳಿಯುತ್ತದೆ. ಹೊದಿಕೆ ಕಿತ್ತೆಸೆದು ಮಲಗಿದವನು ನಡುಗುವುದನ್ನು ನಿಲ್ಲಿಸಿ, ಮಾತು ತೊದಲಿದರೆ ಅದು ನಿಶೆ ಎಂದು ಬಿಟ್ಟು ಹೋಗಬಾರದು, 108ಕ್ಕೆ ಕರೆ ಮಾಡಬೇಕು. ಮಳೆಗಾಲಕ್ಕೆ ಕೌದಿ ಕೆಲಸಕ್ಕೆ ಬರುವುದಿಲ್ಲ, ಒಮ್ಮೆ ತೊಯ್ದರೆ ದಿನಗಟ್ಟಲೆ ಒಣಗದು. ಜೂನ್ ಬರುವ ಮುಂಚೆ ಆರು ಅಡಿ ಉದ್ದದ ತಾಡಪತ್ರಿ ಕೊಡಬೇಕು.

ಕೊಟ್ಟ ಚಾದರ ಮಾರಿಕೊಳ್ಳುತ್ತಾರೆ ಎಂಬ ದೂರು ಎಲ್ಲ ಕಡೆ ಇದೆ. ಮಾರುವವರೂ ಇದ್ದಾರೆ. ಹಗಲು ಅದನ್ನು ಎಲ್ಲಿ ಇಡಬೇಕು ಹೇಳಿ. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಕಟ್ಟೆ ಖಾಲಿ ಮಾಡಬೇಕು. ಬಿಟ್ಟು ಹೋದರೆ ಕಸದ ಗಾಡಿಗೆ ಹೋಗುತ್ತದೆ, ಹೊತ್ತು ತಿರುಗಿದರೆ ಕೂಲಿಗೆ ಕರೆಯುವುದಿಲ್ಲ. ಹಾಗಾಗಿ ಸಿಕ್ಕಷ್ಟಕ್ಕೆ ಕೊಟ್ಟು ಊಟ ಮಾಡುತ್ತಾರೆ. ಹೊಸ ವರ್ಷಕ್ಕೆ, ಮುಖಂಡರ ಹುಟ್ಟುಹಬ್ಬಕ್ಕೆ ಒಂದೇ ಜಾಗದಲ್ಲಿ ಮೂರು ತಂಡಗಳು ಚಾದರ ಹಂಚಿ ಹೋಗುವ ಬದಲು, ಆ ಹಣದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಬೀಗದ ಕಪಾಟುಗಳನ್ನಿಟ್ಟು, ಹಗಲು ಸಾಮಾನು ಕಾಯುವ ಒಬ್ಬರನ್ನು ನೇಮಿಸಿದರೆ ಒಂದೇ ಚಾದರ ಎರಡು ಚಳಿಗಾಲ ಬಾಳುತ್ತದೆ.

ರಾತ್ರಿ ಒಂದರ ಸುಮಾರಿಗೆ, ಒಂದರ ಮೇಲೊಂದು ನಾಲ್ಕು ಅಂಗಿ ತೊಟ್ಟು, ಕೈಯಲ್ಲಿ ಪ್ಲಾಸ್ಟಿಕ್ ಚೀಲಗಳ ಗಂಟು ಹಿಡಿದು ತನ್ನಷ್ಟಕ್ಕೆ ಮಾತಾಡುತ್ತ ನಡೆಯುತ್ತಿದ್ದ ಹೆಂಗಸೊಬ್ಬಳು ಕಂಡಳು. ಜನ ದಾರಿ ಬಿಟ್ಟು ನಡೆಯುತ್ತಾರೆ, ಹುಡುಗರು ಕಲ್ಲೆಸೆಯುತ್ತಾರೆ. ಇಂಥವರ ವಿಷಯದಲ್ಲಿ ಕಾನೂನು ಬಹಳ ಸ್ಪಷ್ಟವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಪ್ರಕಾರ ಠಾಣಾಧಿಕಾರಿ ಅವರನ್ನು ರಕ್ಷಣೆಗೆ ತೆಗೆದುಕೊಂಡು, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ಒಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಯಿಲ್ಲದೆ ಅಲೆಯುವವರಾದರೆ ಕಾಣೆಯಾದವರ ಬಗ್ಗೆ ಎಫ್‌ಐಆರ್ ದಾಖಲಿಸಿ, ಕುಟುಂಬ ಹುಡುಕುವುದೂ ಠಾಣೆಯದೇ ಕೆಲಸ. ಮೊದಲು 112ಕ್ಕೆ ಕರೆ ಮಾಡಿ, ಸ್ಥಳ, ಹೊತ್ತು, ಕರೆ ಸ್ವೀಕರಿಸಿದವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಬೇಕು. ನಮ್ಮ ಹದ್ದಿಗೆ ಬರುವುದಿಲ್ಲ ಎಂದರೆ ಕಲಮಿನ ಸಂಖ್ಯೆ ಹೇಳಿ ವಿನಯದಿಂದ ನಿಲ್ಲಬೇಕು. ಕಲಂ ಗೊತ್ತಿರುವವರ ಮುಂದೆ ಮಾತಿನ ಧಾಟಿ ಬದಲಾಗುತ್ತದೆ. ಮುಂದಿನ ಚಿಕಿತ್ಸೆಗೆ ನಮ್ಮ ಭಾಗದಲ್ಲಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ಆಸ್ಪತ್ರೆಯಲ್ಲಿ ಎದುರಾಗುವ ಪ್ರಶ್ನೆ ಒಂದೇ: "ಪೇಷಂಟ್ ಕಡೆಯವ್ರು ಯಾರ್ರಿ?" ಯಾರೂ ಇಲ್ಲ ಎಂದರೆ ಕಾಗದ ಮುಂದೆ ಸರಿಯುವುದಿಲ್ಲ. ಸಹಿ ಹಾಕಿ ಔಷಧ ತಂದುಕೊಡುವ, ಶೌಚಕ್ಕೆ ಕರೆದುಕೊಂಡು ಹೋಗುವ ಒಬ್ಬರು ಮೊದಲ ಎರಡು ದಿನ ಇದ್ದರೆ ಮಾತ್ರ ರೋಗಿ ಅಲ್ಲಿ ಉಳಿಯುತ್ತಾನೆ. ಊರಿನ ಜನ ಮಾಡಬಹುದಾದ ದೊಡ್ಡ ಕೆಲಸ ಇದು, ಮತ್ತು ಯಾರೂ ಮಾಡದ ಕೆಲಸವೂ ಇದೇ. ಚಾದರ ಹಂಚಲು ಐವತ್ತು ಮಂದಿ ಸಿಗುತ್ತಾರೆ, ವಾರ್ಡಿನ ಬಾಗಿಲಲ್ಲಿ ಒಂದು ರಾತ್ರಿ ಕೂರಲು ಒಬ್ಬರು ಸಿಗುವುದಿಲ್ಲ.

ಅವತ್ತು ಕಂಡ ಆ ಹೆಂಗಸು ಆಡುತ್ತಿದ್ದ ಮಾತು ಕನ್ನಡವಾಗಿರಲಿಲ್ಲ. ಹಾಗಿದ್ದಾಗ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯಬೇಕು, ಅರ್ಥ ಮಾಡಿಕೊಳ್ಳಲು ಹೋಗಬಾರದು. ಪದೇ ಪದೇ ಬರುವ ಒಂದು ಹೆಸರು ಊರಿನದ್ದಿರಬಹುದು. ಕೈಯ ಹಚ್ಚೆಯಲ್ಲಿ ಅಕ್ಷರಗಳಿದ್ದರೆ ಲಿಪಿ ಯಾವುದೆಂದು ನೋಡಬೇಕು. ಚಿಕಿತ್ಸೆ ಶುರುವಾಗಿ ಕೆಲವು ವಾರ ಕಳೆದ ಮೇಲೆ ವಿಳಾಸ ತಾವಾಗಿಯೇ ಹೇಳಿದವರು ಎಷ್ಟೋ ಮಂದಿ. ಊಟದ ವಿಷಯದಲ್ಲೂ ಒಂದು ಮಾತು: ಬಹಳ ದಿನ ಉಪವಾಸ ಬಿದ್ದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸಬಾರದು. ರಕ್ತದ ಲವಣಾಂಶಗಳು ತಟ್ಟನೆ ಏರುಪೇರಾಗಿ ಜೀವಕ್ಕೇ ಅಪಾಯ. ತೆಳ್ಳನೆ ಗಂಜಿ ಸ್ವಲ್ಪ ಸ್ವಲ್ಪವಾಗಿ ಕೊಟ್ಟು, ವೈದ್ಯರಿಗೆ ಹೇಳಬೇಕು.

"ದುಡಿಯಾಕ ಏನ್ ಧಾಡಿ ಇವರಿಗೆ?" ಎಂದು ಚಹಾದ ಅಂಗಡಿಯಲ್ಲಿ ನಿಂತ ಒಬ್ಬರು ಅವತ್ತೂ ಕೇಳಿದರು. ಅವರ ಚಹಾದ ಲೋಟ ತೊಳೆಯುತ್ತಿದ್ದವನು ಅದೇ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಮಲಗುವವನು. ಮೂಟೆ ಹೊರುವವರು, ಸೆಂಟ್ರಿಂಗ್ ಕೆಲಸದವರು, ಚಿಂದಿ ಆಯುವವರು, ಮದುವೆಗಳಲ್ಲಿ ಬಡಿಸುವವರು ಎಲ್ಲರೂ ಇಲ್ಲಿದ್ದಾರೆ. ಆಷಾಢದಲ್ಲಿ ಮದುವೆ ನಿಂತರೆ ಬಡಿಸುವವರ ಊಟವೂ ನಿಲ್ಲುತ್ತದೆ. ಕೂಲಿ ಇದ್ದರೂ ಕೋಣೆ ಸಿಗುವುದಿಲ್ಲ, ಏಕೆಂದರೆ ಮುಂಗಡ ಹಣ ಇಲ್ಲ, ಆಧಾರ್ ಇಲ್ಲ. ಭಿಕ್ಷೆ ಬೇಡುವುದನ್ನೇ ನಿಲ್ಲಿಸಬೇಕು ಎಂಬ ಕೋರಿಕೆ 2021ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಬೇರೆ ದಾರಿ ಇಲ್ಲದೆ ಬಡತನದಿಂದ ಜನ ಬೇಡುತ್ತಾರೆ ಎಂದು ಹೇಳಿ ನ್ಯಾಯಾಲಯ ಒಪ್ಪಲಿಲ್ಲ.

ಅದೇ ಸುಪ್ರೀಂ ಕೋರ್ಟ್ 2010ರಲ್ಲಿ, ನಗರಗಳಲ್ಲಿ ಲಕ್ಷ ಜನಕ್ಕೊಂದು ಆಶ್ರಯ ಕೇಂದ್ರ ಇರಬೇಕು ಎಂದಿತ್ತು. ಮುಂದೆ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮಗಳೂ ಹಾಗೆಯೇ ಬಂದವು: ಲಕ್ಷಕ್ಕೆ ನೂರು ಜನರ ಜಾಗ, ತಲಾ 50 ಚದರ ಅಡಿ, ವರ್ಷವಿಡೀ 24 ಗಂಟೆ ತೆರೆದಿರಬೇಕು, ನೀರು, ಶೌಚಾಲಯ, ಸಾಮಾನು ಇಡಲು ಬೀಗದ ಪೆಟ್ಟಿಗೆ ಇರಬೇಕು, ಗಂಡಸರು, ಹೆಂಗಸರು, ಕುಟುಂಬಗಳಿಗೆ ಬೇರೆ ವ್ಯವಸ್ಥೆ ಆಗಬೇಕು. 2011ರ ಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9.43 ಲಕ್ಷ. ಆ ಲೆಕ್ಕಕ್ಕೇ ಒಂಬತ್ತು ಕೇಂದ್ರ, ಒಂಬೈನೂರು ಹಾಸಿಗೆ ಬೇಕು. ಇದಕ್ಕೆ ಅಡ್ಡ ಬರುವುದು ದುಡ್ಡೊಂದೇ ಅಲ್ಲ. ಮಾರುಕಟ್ಟೆಯ ಹತ್ತಿರ ಕಟ್ಟಡ ಗುರುತಿಸಿದರೆ "ನಮ್ಮ ಓಣ್ಯಾಗ ಬ್ಯಾಡ್ರಿ" ಎಂದು ಸುತ್ತಲಿನವರು ಅರ್ಜಿ ಕೊಡುತ್ತಾರೆ. ಕೇಂದ್ರ ಊರಾಚೆ ಹೋಗುತ್ತದೆ. ನಸುಕಿನಲ್ಲಿ ಮೂಟೆ ಹೊರಬೇಕಾದವನು ಅಷ್ಟು ದೂರದಿಂದ ನಡೆದು ಬರಲಾರ, ಆಟೊಕ್ಕೆ ಕೊಟ್ಟರೆ ಕೂಲಿ ಉಳಿಯುವುದಿಲ್ಲ. ಹಾಸಿಗೆಗಳು ಖಾಲಿ ಬೀಳುತ್ತವೆ. ಖಾಲಿ ಹಾಸಿಗೆ ತೋರಿಸಿ, ಬೇಡಿಕೆ ಇಲ್ಲ ಎಂದು ವರದಿ ಬರೆಯುತ್ತಾರೆ. ಊರಿನವರ ಮನಸ್ಸು ಮತ್ತು ಸರ್ಕಾರದ ಕಡತ ಒಂದಕ್ಕೊಂದು ಗಂಟು ಬಿದ್ದಿರುವುದು ಇಲ್ಲಿ.

ಕೇಂದ್ರಕ್ಕೆ ಬಂದವರಿಗೆ ಮೊದಲ ವಾರವೇ ಕಾಗದಪತ್ರದ ಕೆಲಸ ಶುರು ಮಾಡಬೇಕು. ಆಧಾರ್ ಕಳೆದುಕೊಂಡವರಿಗೆ ಹೊಸದಾಗಿ ಅರ್ಜಿ ಹಾಕಿಸಬಾರದು. ಬೆರಳಚ್ಚು ಹಳೆಯದಕ್ಕೆ ತಾಳೆಯಾಗಿ ಅರ್ಜಿ ತಿರಸ್ಕೃತವಾಗುತ್ತದೆ, ತಿಂಗಳು ಹಾಳು. ಆಧಾರ್ ಸೇವಾ ಕೇಂದ್ರದಲ್ಲಿ ಬೆರಳಚ್ಚಿನಿಂದ ಹಳೆಯ ಸಂಖ್ಯೆಯನ್ನೇ ಹುಡುಕಿಸಬೇಕು. ಮೂಟೆ ಹೊತ್ತು, ಸಿಮೆಂಟ್ ಕಲಸಿ ಬೆರಳ ಗೆರೆ ಸವೆದಿದ್ದರೆ ಕಣ್ಣಿನ ಪಾಪೆಯ ಸ್ಕ್ಯಾನ್ ಕೇಳಬೇಕು. ಎಂದೂ ಮಾಡಿಸದವರಿಗೆ ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮೇಲ್ವಿಚಾರಕರು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಡಬಹುದು, ಅದು 3 ತಿಂಗಳು ಮಾತ್ರ ನಡೆಯುತ್ತದೆ. ಅದಾದ ಮೇಲೆ ಬ್ಯಾಂಕ್ ಖಾತೆ, ಪಡಿತರ, 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ. ಮತದಾರರ ಪಟ್ಟಿಗೆ ಮಾತ್ರ ವಿಳಾಸದ ದಾಖಲೆ ಬೇಡ. ನಮೂನೆ 6ರಲ್ಲಿ ಮಲಗುವ ಜಾಗ ಬರೆದರೆ, ಮತಗಟ್ಟೆ ಅಧಿಕಾರಿ ಒಂದಕ್ಕಿಂತ ಹೆಚ್ಚು ರಾತ್ರಿ ಬಂದು, ಆ ವ್ಯಕ್ತಿ ಅಲ್ಲೇ ಮಲಗುತ್ತಾನೆಯೇ ಎಂದು ನೋಡಬೇಕು. ಪಟ್ಟಿಯಲ್ಲಿ ಹೆಸರು ಬಂದ ದಿನದಿಂದ ವಾರ್ಡಿನ ಸದಸ್ಯರು ಆ ಕಟ್ಟೆಯ ಮುಂದೆ ನಿಂತು ಮಾತಾಡುತ್ತಾರೆ.

ಸುತ್ತಾಟದ ಪುಸ್ತಕದಲ್ಲಿ "ಬರಲು ಒಪ್ಪಲಿಲ್ಲ" ಎಂದು ಬರೆಯುವ ಪದ್ಧತಿ ಬಿಡಬೇಕು. ಕಾರಣ ಬರೆಯಬೇಕು, ಏಕೆಂದರೆ ಮುಂದಿನ ಹೆಜ್ಜೆ ಕಾರಣದ ಮೇಲೆ ನಿಂತಿದೆ. ಅವತ್ತಿನ ಪುಟದಲ್ಲಿ ಅಜ್ಜ ಅಜ್ಜಿಯ ಎದುರು ಬರೆದದ್ದು: ಇಬ್ಬರೂ ಜೊತೆಗಿರಬೇಕು, ಕುಟುಂಬ ಕೇಂದ್ರ ಬೇಕು. ಅದರ ಮೇಲೆ ಪಾಲಿಕೆ ಆಯುಕ್ತರಿಗೆ ಅರ್ಜಿ. ಅರ್ಜಿಯಲ್ಲಿ ಸ್ಥಳ, ರಾತ್ರಿಯ ಹೊತ್ತು, ಇಬ್ಬರ ಅಂದಾಜು ವಯಸ್ಸು, ಇಂಥ ಜೋಡಿಗಳು ಆ ದಾರಿಯಲ್ಲಿ ಎಷ್ಟು ಕಂಡವು, ಹತ್ತಿರದಲ್ಲಿ ಖಾಲಿ ಬಿದ್ದಿರುವ ಪಾಲಿಕೆಯ ಕಟ್ಟಡ ಯಾವುದು ಎಂಬುದಿರಬೇಕು. ಕೆಳಗೆ ಆ ಓಣಿಯ ಅಂಗಡಿಯವರ ಮತ್ತು ಮನೆಯವರ ಸಹಿ ಹಾಕಿಸಬೇಕು, ಹತ್ತಾದರೂ ಸಾಕು. ಬೇಡ ಎನ್ನುವ ಅರ್ಜಿ ಬರುವ ಮುಂಚೆ ಬೇಕು ಎನ್ನುವ ಅರ್ಜಿ ಕಡತದಲ್ಲಿರಬೇಕು.