ಆಲ್ಬರ್ಟ್‌ಗೆ ತೊಡಿಸಿದ ವೇಷ

ಕಾರವಾರ, 12 ಜನವರಿ 2025, ಭಾನುವಾರ

ಇವತ್ತಿನ ತಾಲೀಮಿನಲ್ಲಿ ಡಾಕ್ಟರ್ ದೃಶ್ಯಕ್ಕೇ ಇಡೀ ಸಂಜೆ ಹೋಯಿತು. ಹೋಗಲಿ, ಅಷ್ಟು ಹೊತ್ತು ಬೇಕೇ ಬೇಕಿತ್ತು.

ನಮ್ಮ ನಾಟಕ ಆಲ್ಬರ್ಟ್ ಕ್ಯಾಶಿಯರ್‌ನ ಕಥೆ. 1843ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದಾಗ ಹೆಣ್ಣು ಮಗು ಅಂತ ಇಟ್ಟ ಹೆಸರು ಜೆನ್ನಿ ಹಾಡ್ಜರ್ಸ್. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1862ರ ಆಗಸ್ಟ್‌ನಲ್ಲಿ, ಇಲಿನಾಯ್ 95ನೇ ಪದಾತಿ ದಳಕ್ಕೆ ಆಲ್ಬರ್ಟ್ ಆಗಿ ಸೇರಿದ. ವಿಕ್ಸ್‌ಬರ್ಗ್ ಮುತ್ತಿಗೆಯಲ್ಲಿ ಕಾದಾಡಿದ. 1865ರಲ್ಲಿ ದಳ ವಿಸರ್ಜನೆಯಾಗುವವರೆಗೂ ಇದ್ದ. ಆಮೇಲೂ ಗಂಡಾಗಿಯೇ ಬದುಕಿದ. ಬರೀ ಯುದ್ಧಕ್ಕೆ ಅಂತ ಹಾಕಿದ ವೇಷವಾಗಿದ್ದರೆ ಊರಿಗೆ ಬಂದ ಮೇಲೆ ಕಳಚುತ್ತಿದ್ದ, ಅಲ್ವಾ?

ನಮ್ಮ ಕಡೆಯ ಪ್ರೇಕ್ಷಕರಿಗೆ ಇದನ್ನು ಮುಟ್ಟಿಸುವುದೇ ಕಷ್ಟ. ಯಕ್ಷಗಾನದ ಆಟ ನೋಡಿ ಬೆಳೆದವರು ನಾವು. ರಂಗಕ್ಕೆ ಬೃಹನ್ನಳೆ ಬಂದರೆ, ಅರ್ಜುನನಾಗುವುದು ಯಾವಾಗ ಅಂತ ಕಾಯುತ್ತೇವೆ. ಚಂಡೆ ಏರುವುದೂ ಆಗಲೇ. ಆದರೆ ಆಲ್ಬರ್ಟ್ ಒಳಗೆ ಬೇರೆ ಯಾರೂ ಅಡಗಿ ಕೂತಿಲ್ಲ.

1911ರಲ್ಲಿ ಕಾರು ಗುದ್ದಿ ಅವನ ಕಾಲು ಮುರಿಯಿತು. ನೋಡಿದ ಡಾಕ್ಟರಿಗೆ ದೇಹ ಹೆಣ್ಣಿನದು ಅಂತ ಗೊತ್ತಾಯಿತು. ಊರಿಗೆಲ್ಲ ಹೇಳದೆ ಗುಟ್ಟಾಗಿ ಇಟ್ಟರು. ಬಿಳಿ ಪರದೆ ಕಟ್ಟಿ ದೇಹದ ನೆರಳು ತೋರಿಸೋಣ ಅಂತ ನಮ್ಮ ನಿರ್ದೇಶಕರ ಯೋಚನೆ. ನನಗೆ ತಡೆಯಲಾಗಲಿಲ್ಲ. "ಸರ್, ಆ ಡಾಕ್ಟರೇ ಮುಚ್ಚಿಟ್ಟಿದ್ದನ್ನ ನಾವು ಟಿಕೆಟ್ ಇಟ್ಟು ತೋರಿಸೋದಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಪರದೆ ಬಿಚ್ಚಿಸಿದರು. ಈಗ ಬೆಳಕು ಡಾಕ್ಟರ ಕೈ ಮೇಲೆ ಮಾತ್ರ. ಕಾಲಿನ ಎರಡೂ ಬದಿಗೆ ಮರದ ಪಟ್ಟಿ ಇಟ್ಟು ಬಟ್ಟೆ ಸುತ್ತುತ್ತಾ ಬರುತ್ತಾರೆ. ಕೈ ಒಮ್ಮೆ ನಿಲ್ಲುತ್ತದೆ. ಮತ್ತೆ ಸುತ್ತುತ್ತದೆ. ಕೊನೆಗೆ ಹೊದಿಕೆ ಎಳೆದು, "ಮಲಗಿ, ಆಲ್ಬರ್ಟ್." ಅಷ್ಟೇ ಮಾತು. ನೋಡುತ್ತಿದ್ದ ನನಗೆ ಗಂಟಲು ಕಟ್ಟಿತು.

1914ರಲ್ಲಿ ಅವನನ್ನು ಮಾನಸಿಕ ಆಸ್ಪತ್ರೆಗೆ ಕಳಿಸಿದರು. ಎಪ್ಪತ್ತರ ಆ ಸೈನಿಕನಿಗೆ ಬಲವಂತವಾಗಿ ಲಂಗ ತೊಡಿಸಿದರು. ಇಡೀ ನಾಟಕದಲ್ಲಿ ವೇಷ ಅಂತ ಇದ್ದರೆ ಅದೊಂದೇ. ಪಿಂಚಣಿಯವರು ತನಿಖೆಗೆ ಇಳಿದಾಗ ಹಳೆಯ ಜೊತೆಗಾರರು ಬಿಟ್ಟುಕೊಡಲಿಲ್ಲ. ನಮ್ಮ ಜೊತೆ ಕಾದಾಡಿದವನು ಇವನೇ ಅಂತ ಸಾಕ್ಷಿ ಹೇಳಿದರು. ಪಿಂಚಣಿ ಉಳಿಯಿತು. 1915ರಲ್ಲಿ ತೀರಿಕೊಂಡಾಗ ಸಮವಸ್ತ್ರದಲ್ಲೇ, ಸೇನಾ ಗೌರವದೊಂದಿಗೆ ಮಣ್ಣು ಮಾಡಿದರು. ಆ ಜೊತೆಗಾರರಲ್ಲಿ ಒಬ್ಬನ ಪಾತ್ರ ನನ್ನದು. ಇದಕ್ಕಿಂತ ದೊಡ್ಡ ಪಾತ್ರ ನನಗೆ ಬೇಡ.

ಇದು ಪರಮವೀರ ಚಕ್ರ ಪಡೆದ ಮೇಜರ್ ರಾಮ ರಾಘೋಬ ರಾಣೆಯವರ ಊರು, ಸೀಬರ್ಡ್ ನೌಕಾನೆಲೆ ಇರುವ ಊರು. ಇಲ್ಲಿ ಈ ನಾಟಕ ಆಗಲೇಬೇಕು. ತಮ್ಮ ಲಿಂಗ ಯಾವುದೆಂದು ಹೇಳುವ ಹಕ್ಕು ಅವರವರದೇ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಆದರೂ 2017ರಲ್ಲಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೆಣ್ಣಾದ ನಾವಿಕರೊಬ್ಬರನ್ನು ನಮ್ಮ ನೌಕಾಪಡೆ ಸೇವೆಯಿಂದ ತೆಗೆಯಿತು. ನೇವಿಯವರ ಮನೆಗಳಿಗೆ ಹೋಗಿ ಕರೆಯುವ ಕೆಲಸ ನಾನೇ ತಗೊಂಡಿದ್ದೇನೆ. ನಾಳೆ ಅರ್ಗಾ ಕಡೆಯಿಂದ ಶುರು.