ಒಂದೇ ಕಲ್ಲು, 1000 ಗ್ರಿಟ್

2024 ಆಗಸ್ಟ್ 18, ಭಾನುವಾರ

ಕೊನೆಗೂ ಅಡುಗೆಮನೆಯ ಚಾಕುಗಳಿಗೆ ಸಾಣೆ ಕಲ್ಲಿನ ವಿಷಯ ಇತ್ಯರ್ಥವಾಯಿತು. 1000 ಗ್ರಿಟ್‌ನ, ನೀರು ಹಾಕಿ ಮಸೆಯುವ ಕಲ್ಲು. ಅದೊಂದೇ. ಸೆಟ್ ಬೇಡ ಅಂತ ಗಟ್ಟಿ ಮನಸ್ಸು ಮಾಡಿದ್ದೇನೆ.

ಗ್ರಿಟ್ ಸಂಖ್ಯೆ ಏರಿದಷ್ಟೂ ಕಲ್ಲಿನ ಹರಳು ಸಣ್ಣದು. 220ರಿಂದ 400ರವರೆಗಿನದು ಒರಟು, ಬಾಯಿ ಮುಕ್ಕಾದ ಚಾಕುವಿಗೆ. 3000 ದಾಟಿದರೆ ಅಂಚಿಗೆ ನಯ ಕೊಡುವ ಕೆಲಸ. ಅಡುಗೆಮನೆಯ ಚಾಕು ಸಾಮಾನ್ಯವಾಗಿ ಮುಕ್ಕಾಗುವುದಿಲ್ಲ, ಸುಮ್ನೆ ಮೊಂಡಾಗುತ್ತದೆ. ಅದಕ್ಕೆ 1000 ಸಾಕು. ಒರಟು ಕಲ್ಲು ಉಕ್ಕನ್ನು ಬೇಗ ತಿನ್ನುತ್ತದೆ. ಕೈ ಪಳಗುವ ಮೊದಲೇ ಅದನ್ನು ಹಿಡಿದರೆ ಚಾಕು ಸವೆಯುವುದೇ ಜಾಸ್ತಿ. ಕೊಳ್ಳುವಾಗ ಒಂದು ಗಮನದಲ್ಲಿರಲಿ: ಜಪಾನಿನ ಅಳತೆಯ 1000ಕ್ಕೂ ಯುರೋಪಿನ ಅಳತೆಯ 1000ಕ್ಕೂ ತಾಳೆಯಾಗುವುದಿಲ್ಲ.

ವಜ್ರದ ಹುಡಿ ಕೂರಿಸಿದ ಲೋಹದ ಹಲಗೆಯ ಮೇಲೂ ಆಸೆಯಿತ್ತು. ಬೇಗ ಕೆಲಸ ಮುಗಿಸುತ್ತದೆ, ನಡುವೆ ತಗ್ಗಾಗುವುದಿಲ್ಲ. ಸೆರಾಮಿಕ್ ಚಾಕು ಇದ್ದಿದ್ದರೆ ಅದನ್ನೇ ತರುತ್ತಿದ್ದೆ. ನನ್ನವೆಲ್ಲ ಸಾಧಾರಣ ಸ್ಟೇನ್‌ಲೆಸ್ ಸ್ಟೀಲ್. ಇವಕ್ಕೆ ಅಲ್ಯೂಮಿನಿಯಂ ಆಕ್ಸೈಡ್ ಹರಳಿನ ನೀರುಗಲ್ಲು ಧಾರಾಳವಾಯಿತು. ಎಣ್ಣೆ ಕಲ್ಲು ನಿಧಾನ, ಮೇಲೆ ಒರೆಸುವ ಕೆಲಸ ಬೇರೆ.

ನೀರುಗಲ್ಲಿನಲ್ಲೂ ಎರಡು ಬಗೆ. ಒಂದನ್ನು ಗುಳ್ಳೆ ನಿಲ್ಲುವವರೆಗೆ ನೀರಲ್ಲಿ ನೆನೆಸಬೇಕು. ಇನ್ನೊಂದಕ್ಕೆ ಮೇಲೆ ನೀರು ಚಿಮುಕಿಸಿದರೆ ಆಯಿತು. ನನಗೆ ಎರಡನೆಯದೇ ಸರಿ. ನೆನೆಸಬೇಕು ಅಂದರೆ ಮಸೆಯುವುದು ನಾಳೆಗೆ ಹೋಗುತ್ತದೆ, ಅಲ್ವಾ? ಉದ್ದ 20 ಸೆಂಟಿಮೀಟರ್, ಅಗಲ 7 ಇರಲಿ. ಗಿಡ್ಡ ಕಲ್ಲಿನ ಮೇಲೆ ಉದ್ದನೆಯ ಅಲಗನ್ನು ಒಂದೇ ಸಮ ಎಳೆಯಲು ಆಗುವುದಿಲ್ಲ.

ಅಲಗನ್ನು ಕಲ್ಲಿಗೆ ಎಷ್ಟು ಓರೆಯಾಗಿ ಹಿಡಿಯಬೇಕು ಅನ್ನುವ ಕೋನವೇ ಎಲ್ಲರನ್ನೂ ಹೆದರಿಸುವುದು. 15ರಿಂದ 20 ಡಿಗ್ರಿ ಅನ್ನುತ್ತಾರೆ. ಕಣ್ಣಳತೆಗೆ ಅದು ಸಿಗುವುದು ಕಷ್ಟ. ಅದಕ್ಕೊಂದು ಒಳ್ಳೆಯ ಉಪಾಯವಿದೆ. ಅಲಗಿನ ಅಂಚಿಗೆ ಮಾರ್ಕರ್ ಪೆನ್ನಿನಿಂದ ಮಸಿ ಬಳಿದು, ಮೆಲ್ಲಗೆ ಒಂದೆರಡು ಸಲ ಎಳೆದು ನೋಡಬೇಕು. ಮಸಿ ಮೇಲಂಚಲ್ಲಿ ಮಾತ್ರ ಅಳಿಸಿದ್ದರೆ ಚಾಕು ತೀರಾ ಮಲಗಿದೆ. ಬಾಯಿಯ ತುದಿಯಲ್ಲಷ್ಟೇ ಅಳಿಸಿದ್ದರೆ ಜಾಸ್ತಿ ಎದ್ದಿದೆ. ಪೂರ್ತಿ ಅಳಿಸಿದರೆ ಆ ಕೋನವನ್ನೇ ಕೈ ಹಿಡಿದುಕೊಳ್ಳಬೇಕು. ಹಾಗೆ ಮಸೆಯುತ್ತಾ ಹೋದರೆ ಎದುರು ಬದಿಯಲ್ಲಿ ಉಕ್ಕಿನದೇ ಕೂದಲಿನಷ್ಟು ಸಣ್ಣ ಮುಳ್ಳು ಏಳುತ್ತದೆ. ಹೆಬ್ಬೆರಳನ್ನು ಅಲಗಿನ ಬೆನ್ನಿನಿಂದ ಬಾಯಿಯ ಆಚೆಗೆ ಜಾರಿಸಿದರೆ ಚುರುಚುರು ಅಂತ ತಗಲುತ್ತದೆ. ಬಾಯಿಯುದ್ದಕ್ಕೂ ಬೆರಳು ಎಳೆಯಬಾರದು, ಕೊಯ್ಯುತ್ತದೆ! ಮುಳ್ಳು ಹಿಡಿಯಿಂದ ತುದಿಯವರೆಗೂ ಎದ್ದ ಮೇಲೆ ಮಗ್ಗುಲು ಬದಲಿಸಬೇಕು. ಕೊನೆಗೆ ಭಾರ ಹಾಕದೆ ಎರಡೂ ಕಡೆ ಸವರಿ ಆ ಮುಳ್ಳನ್ನು ತೆಗೆಯಬೇಕು. ಅದು ಉಳಿದರೆ ಚಾಕು ಮೊದಲ ದಿನ ಹರಿತ, ಆಮೇಲೆ ಮತ್ತೆ ಮೊಂಡು.

ನೀರುಗಲ್ಲು ಬಳಸುತ್ತಾ ನಡುವೆ ಸವೆಯುತ್ತದೆ. ತಗ್ಗಾದ ಕಲ್ಲಿನ ಮೇಲೆ ಕೋನ ನಿಲ್ಲುವುದೇ ಇಲ್ಲ. ಪೆನ್ಸಿಲ್‌ನಲ್ಲಿ ಅಡ್ಡಡ್ಡ, ಉದ್ದುದ್ದ ಗೆರೆ ಎಳೆದು, ದಪ್ಪ ಗಾಜಿನ ಮೇಲೆ ಹಾಸಿದ ಒರಟು ಮರಳು ಕಾಗದಕ್ಕೆ ನೀರು ಹಾಕಿ ಉಜ್ಜಿದರೆ, ಗೆರೆಗಳೆಲ್ಲ ಮಾಯವಾದಾಗ ಕಲ್ಲು ಸಮವಾಯಿತು ಅಂತ ಲೆಕ್ಕ. ಹಾಗಾಗಿ ಕಲ್ಲಿನ ಜೊತೆ ಮರಳು ಕಾಗದವನ್ನೂ ತರುತ್ತೇನೆ.